ಪಕ್ಕವಾದ್ಯಕ್ಕೊಂದು ಗಿಟಾರ್

ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಬಡಾವಣೆಯ ಗಣೇಶನ ಪೆಂಡಾಲು, ಶಾಲೆಯ ಹಳೆ ವಿದ್ಯಾರ್ಥಿಗಳ ಕೂಟ. ಗಿಟಾರ್ ಹಿಡಿದವನಿಗೆ ಇವುಗಳಷ್ಟು ಕಷ್ಟದ ವೇದಿಕೆ ಇನ್ನೊಂದಿಲ್ಲ. ಇರುವುದು ಎರಡು ಮೈಕು, ಅದರಲ್ಲೊಂದು ಆಗಾಗ ಕೂಗುತ್ತದೆ. ಭಾವಗೀತೆ ಹಾಡುವ ಹೆಂಗಸಿನ ಶ್ರುತಿ ಒಂದು, ಆಮೇಲೆ ಬರುವ ರಾಜ್‌ಕುಮಾರ್ ಅಭಿಮಾನಿಯದು ಇನ್ನೊಂದು. ಮೂರನೇ ಹಾಡಿಗೆ ಸಭೆಗೆ ಸಭೆಯೇ ದನಿಗೂಡಿಸುತ್ತದೆ. ಇಂಥ ಕಡೆ ಗಿಟಾರ್ ಮೆರೆಯಲು ಬಂದದ್ದಲ್ಲ, ಪಕ್ಕವಾದ್ಯಕ್ಕೆ ಬಂದದ್ದು. ಈ ಕೆಲಸಕ್ಕೆ ಒಂದೇ ಒಂದು ಮಾದರಿ ಆರಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ಗಿಬ್ಸನ್ ಜೆ-45 ಎನ್ನುತ್ತೇನೆ.

1942ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಲಮಝೂ ಊರಿನಲ್ಲಿ ಹುಟ್ಟಿದ ಗಿಟಾರ್ ಇದು. ಇದಕ್ಕೂ ಹಿಂದಿನ ಜೆ-35ರ ಬೆಲೆ 35 ಡಾಲರ್, ಇದರದು 45. ಹೆಸರೇ ಬೆಲೆಚೀಟಿ. ಎರಡನೇ ಮಹಾಯುದ್ಧದ ಕಾಲವಾದ್ದರಿಂದ ಗಂಡಸರು ಸೈನ್ಯ ಸೇರಿದ್ದರು, ಕಾರ್ಖಾನೆಯ ಕೆಲಸ ಬಹುಪಾಲು ಹೆಂಗಸರ ಕೈಗೆ ಬಂದಿತ್ತು. ಉಕ್ಕಿಗೆ ಬರ ಬಂದು, ಕತ್ತು ಬಾಗದಂತೆ ಒಳಗೆ ಕೂರಿಸುವ ಕಂಬಿಯಿಲ್ಲದೆಯೇ ಕೆಲವು ಗಿಟಾರ್‌ಗಳು ಹೊರಬಿದ್ದವು. ಅವುಗಳ ಕತ್ತನ್ನೇ ದಪ್ಪಗೆ ಕೆತ್ತಿದರು. ಅಗಲವಾದ ಒಳ್ಳೆಯ ಮರ ಸಿಗದಾಗ ನಾಲ್ಕು ತುಂಡು ಜೋಡಿಸಿ ಮೇಲ್ಹಲಗೆ ಮಾಡಿದ್ದೂ ಉಂಟು. ಅಂಚಿಗೆ ಕಪ್ಪು, ನಡುವೆ ಜೇನುಬಣ್ಣ ಬರುವ ಆ ಹೆಸರಾಂತ ಸನ್‌ಬರ್ಸ್ಟ್ ಬಣ್ಣಗಾರಿಕೆ ಮರದ ಕಲೆಗಳನ್ನು ಮುಚ್ಚಲು ಅನುಕೂಲವಾಗಿತ್ತು. ಹೀಗೆ ಇದ್ದುದರಲ್ಲೇ ಕಟ್ಟಿದ ಆ ಯುದ್ಧಕಾಲದ ಗಿಟಾರ್‌ಗಳಿಗೇ ಇವತ್ತು ಸಂಗ್ರಾಹಕರು ಮುಗಿಬೀಳುತ್ತಾರೆ. ಕಲಮಝೂ ಕಾರ್ಖಾನೆ 1984ರಲ್ಲಿ ಮುಚ್ಚಿತು. 1989ರಿಂದ ಜೆ-45 ತಯಾರಾಗುತ್ತಿರುವುದು ಮೊಂಟಾನಾ ರಾಜ್ಯದ ಬೋಝ್‌ಮನ್‌ನಲ್ಲಿ. ‘ದುಡಿಯುವ ಕುದುರೆ’ ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ.

ಇದರ ಗುಟ್ಟು ಮರದಲ್ಲಿದೆ. ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕ ಮಹಾಗನಿ. ಮಹಾಗನಿಯ ನಾದದಲ್ಲಿ ಮೂಲಸ್ವರ ಮುಂದೆ ನಿಲ್ಲುತ್ತದೆ, ಅದರ ಹಿಂದಿನ ಅನುರಣನ ಕಡಿಮೆ. ಮೀಟಿದ ಕೂಡಲೇ ಸ್ವರ ಏಳುತ್ತದೆ, ಕೆಲಸ ಮುಗಿಸಿ ಬೇಗ ಇಳಿಯುತ್ತದೆ. ಹೀಗೆ ಇಳಿದ ಜಾಗದಲ್ಲಿ ಹಾಡಿನ ಮಾತು ಕೇಳಿಸುತ್ತದೆ. ಭಾವಗೀತೆಯಲ್ಲಿ ಸಾಹಿತ್ಯ ಕೇಳಿಸದಿದ್ದರೆ ಇನ್ನು ಉಳಿದದ್ದೇನು? ಒಳ್ಳೆಯ ಮೃದಂಗ ವಿದ್ವಾಂಸರು ಪಲ್ಲವಿಯ ಎತ್ತುಗಡೆಯಲ್ಲಿ ಕೈ ತಡೆದು ಗಾಯಕರಿಗೆ ದಾರಿ ಬಿಡುತ್ತಾರಲ್ಲ, ಆ ವಿವೇಕ ಈ ಗಿಟಾರ್‌ನ ಮರಕ್ಕೇ ಬಂದಿದೆ.

ಇದರ ಎದುರಾಳಿ ಎಂದರೆ ಪೆನ್ಸಿಲ್ವೇನಿಯಾದ ನಝರೆತ್‌ನ ಮಾರ್ಟಿನ್ ಕಂಪನಿಯ ಡಿ-28. ಅದರ ಮೇಲೆ ನಮಗೆ ಹೆಚ್ಚು ಅಭಿಮಾನ ಇರಬೇಕಾದದ್ದು ನ್ಯಾಯ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರ ಸುಮಾರಿಗೆ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಹೊರಳಿತು. ಅದು ಬೇರೇನಲ್ಲ, ನಮ್ಮ ಮಲೆನಾಡು, ಕೊಡಗುಗಳಲ್ಲಿ ಬೆಳೆಯುವ ಬೀಟೆ. ತೋಟದ ಮಾಲೀಕನೇ ಆದರೂ ಸರ್ಕಾರದ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲದ ಮರ. ಬೀಟೆಯ ಡಿ-28ರಲ್ಲಿ ಮಂದ್ರ ಗುಡುಗುತ್ತದೆ, ತಾರ ಮಿನುಗುತ್ತದೆ, ಮೀಟಿದ ಸ್ವರ ತಂಬೂರಿಯ ಜೀವದಂತೆ ತುಂಬ ಹೊತ್ತು ನಿಲ್ಲುತ್ತದೆ. ಒಂಟಿಯಾಗಿ ನುಡಿಸುವವರಿಗೆ ಅದು ಭಾಗ್ಯ. ಆದರೆ ಗಾರೆಯ ನೆಲ, ತಗಡಿನ ಸೂರಿನ ಸಮುದಾಯ ಭವನದಲ್ಲಿ ಒಂದು ಕಾರ್ಡಿನ ಬಾಲ ಮುಂದಿನದರ ತಲೆಗೆ ಸುತ್ತಿಕೊಂಡು ಎಲ್ಲ ಕಲಸುಮೇಲೋಗರ. ಊರಭಿಮಾನ ಎಷ್ಟೇ ಇರಲಿ, ಆ ಭವನಕ್ಕೆ ನಾನು ಮಹಾಗನಿಯನ್ನೇ ಒಯ್ಯುತ್ತೇನೆ.

ಇನ್ನೊಂದು ಗುಣ ಬೆರಳಿಗೆ ಗೊತ್ತಾಗುವಂಥದು. ಜೆ-45ರ ತಂತಿಯ ಮೀಟುವ ಉದ್ದ 24.75 ಇಂಚು, ಡಿ-28ರದು 25.4. ಅರ್ಧ ಇಂಚಿನ ಮೇಲೆ ಚೂರು, ಅಷ್ಟೇ ವ್ಯತ್ಯಾಸ. ಆದರೆ ಅದರಿಂದ ತಂತಿಯ ಬಿಗಿತ ನೂರಕ್ಕೆ ಐದರಷ್ಟು ಇಳಿಯುತ್ತದೆ. ಸಾಮಾನ್ಯ ತೆಳು ತಂತಿ ಹಾಕಿದರೂ ಆರೂ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ. ಅದರಲ್ಲಿ ಮೂರ್ನಾಲ್ಕು ಕಿಲೋ ಕಮ್ಮಿಯಾದರೆ ಎರಡು ಗಂಟೆ ಕಾರ್ಯಕ್ರಮದ ಕೊನೆಗೆ ಎಡಗೈ ಹರಸುತ್ತದೆ. ಶ್ರುತಿಯ ವಿಷಯಕ್ಕೆ ಕೇಪೋ ಇದೆ, ಕತ್ತಿನ ಮೇಲೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿದು ಶ್ರುತಿ ಏರಿಸುವ ಚಿಮಟ. ಅದನ್ನು ಮೊದಲ ಮನೆಯಲ್ಲಿ ಕಚ್ಚಿಸಿದರೆ ‘ಜಿ’ ಹಿಡಿತಗಳು ಹಾರ್ಮೋನಿಯಂನ ಕಪ್ಪು ನಾಲ್ಕಕ್ಕೆ, ‘ಸಿ’ ಹಿಡಿತಗಳು ಕಪ್ಪು ಒಂದಕ್ಕೆ ಕೂರುತ್ತವೆ. ಮೊದಲನೆಯದು ಅನೇಕ ಗಾಯಕಿಯರಿಗೆ, ಎರಡನೆಯದು ಅನೇಕ ಗಾಯಕರಿಗೆ ಒಗ್ಗುವ ಶ್ರುತಿ. ಕೇಪೋ ಕದಲಿಸದೆಯೇ ಅರ್ಧ ಕಾರ್ಯಕ್ರಮ ಸಾಗುತ್ತದೆ.

ಕಪ್ಪು ನಾಲ್ಕರಲ್ಲಿ ಒಂದು ತೊಡಕೂ ಇದೆ, ಇದನ್ನು ಮೈಕ್ ಸೆಟ್ಟಿನವರಿಗೆ ಮೊದಲೇ ಹೇಳಿಬಿಡಬೇಕು. ಇಷ್ಟು ದೊಡ್ಡ ಗಿಟಾರ್‌ಗಳ ಹೊಟ್ಟೆಯೊಳಗಿನ ಗಾಳಿ ತಾನಾಗಿ ಕಂಪಿಸುವುದು ಹೆಚ್ಚುಕಡಿಮೆ 100 ಹರ್ಟ್ಸ್ ಆಸುಪಾಸಿನಲ್ಲಿ. ಕಪ್ಪು ನಾಲ್ಕರ ಷಡ್ಜ ಮಂದ್ರಕ್ಕಿಳಿದಾಗ ಸುಮಾರು 104. ಎರಡೂ ತಾಕಿದರೆ ಸ್ಪೀಕರಿನಿಂದ ಹೊರಟ ಸ್ವರ ಗಿಟಾರ್‌ಗೆ ಮರಳಿ ಹೊಕ್ಕು ಗುಂಯ್‌ಗುಡುತ್ತದೆ. ಮಿಕ್ಸರಿನಲ್ಲಿ ಆ ಜಾಗವನ್ನು ತುಸು ಇಳಿಸಬೇಕು, ಇಲ್ಲವೇ ನಾದರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕಬೇಕು. ಮೈಕನ್ನು ರಂಧ್ರದ ಎದುರಿಗೆ ಹಿಡಿಯುವುದಂತೂ ಬೇಡವೇ ಬೇಡ. ಕತ್ತು ಮೈಗೆ ಸೇರುವ ಕಡೆಗೆ, ಒಂದು ಗೇಣು ದೂರದಲ್ಲಿಟ್ಟರೆ ಮರದ ದನಿ ಮರದಂತೆಯೇ ಬರುತ್ತದೆ. ಸೇತುವೆಯ ಕೆಳಗಿನ ಪಿಕಪ್‌ಗೆ ಆ ಸಹಜತೆ ಇಲ್ಲ, ಗಲಾಟೆಯ ಜಾಗಕ್ಕೆ ಮಾತ್ರ ಅದೇ ಗತಿ.

ಜನರ ನಡುವೆ ನಿಂತು ಹಾಡುವವರಿಗೂ ಈ ಮನೆತನದ ಗಿಟಾರ್‌ಗಳಿಗೂ ಹಳೆಯ ನಂಟು. ಕಾರ್ಮಿಕರ ಸಭೆಗಳಲ್ಲಿ ಹಾಡಿದ ವುಡಿ ಗತ್ರಿ ಗಿಬ್ಸನ್‌ಗಳನ್ನು ನುಡಿಸಿದವರು. ಬಣ್ಣವಿಲ್ಲದ ಜೆ-45 ಎನ್ನಬಹುದಾದ ಜೆ-50, ಟೆಕ್ಸಸ್‌ನ ಬ್ಲೂಸ್ ಹಾಡುಗಾರ ಲೈಟ್ನಿನ್ ಹಾಪ್ಕಿನ್ಸ್ ಕೈಯಲ್ಲಿತ್ತು. ನಮ್ಮಲ್ಲೂ ಗಿಟಾರ್ ಪರಕೀಯವಾಗಿ ಉಳಿದಿಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದೇ ಹೊಸ ತಲೆಮಾರಿಗೆ ಮುಟ್ಟಿಸಿದರು. ಏಕತಾರಿ, ದಮ್ಮಡಿಗಳ ಜೊತೆ ಬೆಳೆದ ಪದಗಳಿಗೆ ಕಾರ್ಡ್‌ಗಳ ಅಬ್ಬರ ಬೇಕಾಗಿಲ್ಲ. ಎರಡು ಮೂರು ಹಿಡಿತ, ಲಯ ತಪ್ಪದ ಬಲಗೈ ಇದ್ದರೆ ಸಾಕು.

45 ಡಾಲರಿನ ದುಡಿಯುವ ಕುದುರೆ ಈಗ ಲಕ್ಷಗಳ ಲೆಕ್ಕಕ್ಕೆ ಹೋಗಿದೆ ಎಂಬುದು ಇದರ ವ್ಯಂಗ್ಯ. ಅಷ್ಟು ಬೆಲೆಯ ವಸ್ತುವನ್ನು ಪೆಂಡಾಲಿನ ಕುರ್ಚಿಗೆ ಒರಗಿಸಿ ಊಟಕ್ಕೆ ಹೋಗಲು ಯಾರಿಗೆ ಧೈರ್ಯ? ಹಾಗಾಗಿ ಹೆಸರಿಗೆ ಜೋತುಬೀಳದೆ ಲಕ್ಷಣ ಹುಡುಕಿ ಎನ್ನುವುದು ನನ್ನ ಸಲಹೆ. ಗಿಬ್ಸನ್‌ನದೇ ಒಡೆತನದ ಎಪಿಫೋನ್ ಇದೇ ಅಚ್ಚಿನ ಗಿಟಾರನ್ನು ಬಹಳ ಕಡಿಮೆ ಬೆಲೆಗೆ ಮಾಡುತ್ತದೆ. ಮೇಲ್ಹಲಗೆ ಮಾತ್ರ ಇಡೀ ಮರದ ಸ್ಪ್ರೂಸ್ ಇರಲಿ. ಬೆನ್ನು ಪದರದ ಹಲಗೆಯಾದರೂ ನಡೆಯುತ್ತದೆ, ಮಂಗಳೂರಿನ ಮಳೆಗಾಲಕ್ಕೆ ಅದೇ ಹೆಚ್ಚು ಜಗ್ಗದ್ದು. ಕೊಳ್ಳುವಾಗ ಚೆನ್ನಾಗಿ ನುಡಿಸುವ ಗೆಳೆಯನ ಬದಲು ಚೆನ್ನಾಗಿ ಹಾಡುವವರನ್ನು ಜೊತೆಗೆ ಕರೆದೊಯ್ಯಿರಿ. ನೀವು ಜೋರಾಗಿ ನುಡಿಸಿ, ಅವರು ಮೆಲ್ಲಗೆ ಹಾಡಲಿ. ಹತ್ತು ಅಡಿ ದೂರ ನಿಂತವರಿಗೆ ಹಾಡಿನ ಪ್ರತಿ ಪದವೂ ತಿಳಿದರೆ ಹಣ ಕೊಟ್ಟು ತನ್ನಿ. ಗಿಟಾರ್ ಮಾತ್ರ ಕೇಳಿಸಿತೆಂದರೆ, ಅದು ಎಷ್ಟೇ ಇಂಪಾಗಿರಲಿ, ಅಲ್ಲೇ ಬಿಟ್ಟು ಬನ್ನಿ.