ಯಂತ್ರ ಕೇಳುವವರು, ಹಾಡು ಕೇಳುವವರು

ಕಳೆದ ತಿಂಗಳ ಒಂದು ರವಿವಾರ ಡೊಂಬಿವಲಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಿಕೆಯೊಂದು ದೊರೆತಿದೆ, ಕೇಳಲು ಬನ್ನಿರೆಂದು ಅವರ ಕರೆ. ಅವಲಕ್ಕಿ, ಚಹಾ ಮುಗಿದವು. ತಟ್ಟೆ ತಿರುಗತೊಡಗಿತು. ಬುವಾ ಷಡ್ಜ ಹಚ್ಚಿ ಸ್ಥಾಯಿಯ ಮೊದಲ ಸಾಲನ್ನು ಕೈಗೆತ್ತಿಕೊಂಡಿರಲಿಲ್ಲ, ಮಿತ್ರರು ಎದ್ದರು. ಎಡಗಡೆಯ ಸ್ಪೀಕರನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಹೊರಳಿಸಿ ಬಂದು ಕೂತರು. ಮತ್ತೆ ಎದ್ದು ಮುಳ್ಳನ್ನು ಎತ್ತಿ ಮೊದಲಿನಿಂದ ಹಚ್ಚಿದರು. "ಈಗ ಕೇಳ್ರಿ, ಫರಕು ಗೊತ್ತಾಗತದ" ಎಂದರು. ಒಂದು ಗಂಟೆಯಲ್ಲಿ ಅದೇ ಮಗ್ಗುಲಿನ ಮೊದಲ ಐದು ನಿಮಿಷಗಳನ್ನು ನಾವು ಆರು ಸಲ ಕೇಳಿದೆವು. ಒಳಗಿನಿಂದ ಅವರ ಶ್ರೀಮತಿಯವರು, "ಏನ್ರೀ, ಮನಿಗೆ ಬಂದವರಿಗೆ ಒಂದು ಹಾಡರೆ ಪೂರ್ತಿ ಕೇಳಸ್ರೀ" ಎಂದಾಗ ನಮಗೂ ನಗು ತಡೆಯಲಾಗಲಿಲ್ಲ.

ನಗುವವರು ನಾವಾದರೂ ಆ ಮಾತು ನಮಗೂ ತಗಲುವಂಥದೇ. ಮೂವತ್ತು ವರ್ಷ ಬೆಸುಗೆಯ ಹೊಗೆ ಕುಡಿದವರು ನಾವೂ. ಆದುದರಿಂದ ಈ ಹವ್ಯಾಸದ ಮೇಲೆ ನಾಲ್ಕು ಕಟುಮಾತು ಆಡಿದರೆ ಅದನ್ನು ಮನೆಯೊಳಗಿನ ಜಗಳವೆಂದು ಓದುಗರು ತಿಳಿಯಬೇಕು.

ಇದು ಶ್ರೀಮಂತರ ಷೋಕಿಯಾಗಿ ನಮ್ಮಲ್ಲಿಗೆ ಬಂದದ್ದಲ್ಲ. ಎಪ್ಪತ್ತರ ದಶಕದಲ್ಲಿ ವಿದೇಶದ ಒಳ್ಳೆಯ ಯಂತ್ರಗಳು ಸುಂಕದ ಗೋಡೆಯ ಆಚೆ ಇದ್ದವು. ಹಡಗಿನ ನೌಕರಿಯವರ ಮನೆಯಲ್ಲೋ ಕೊಲ್ಲಿಯಿಂದ ಮರಳಿದವರ ಮನೆಯಲ್ಲೋ ಅವುಗಳ ದರ್ಶನ. ಗುಮಾಸ್ತನಿಗೆ ಇದ್ದದ್ದು ಲ್ಯಾಮಿಂಗ್ಟನ್ ರಸ್ತೆ. ಸಂಬಳದ ಮರುದಿನ ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಒಂದು ತಿಂಗಳು ಟ್ರಾನ್ಸ್‌ಫಾರ್ಮರು, ಮುಂದಿನ ತಿಂಗಳು ಎರಡು 2ಎನ್3055 ಟ್ರಾನ್ಸಿಸ್ಟರು, ಅದರ ಮುಂದಿನ ತಿಂಗಳು ಅಲ್ಯುಮಿನಿಯಂ ರೆಕ್ಕೆಗಳು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಮದರಾಸಿನವರಿಗೆ ರಿಚಿ ಸ್ಟ್ರೀಟು. ಬೆಂಗಳೂರಿನ ಬಿ.ಇ.ಎಲ್. ಕಾರಖಾನೆಯ ಟ್ರಾನ್ಸಿಸ್ಟರು ಕೈಗೆ ಬಂದರೆ ನಮ್ಮಂಥವರಿಗೆ ಊರಿನ ಬಸ್ಸು ಕಂಡಷ್ಟು ಸಂತೋಷ. ನಕಾಶೆಗೆ 1969ರಲ್ಲಿ ಮೊದಲಾದ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆಯಿತ್ತು. ಇಂಗ್ಲಂಡಿನ 'ವಾಯರ್‌ಲೆಸ್ ವರ್ಲ್ಡ್' ಕೈಯಿಂದ ಕೈಗೆ ಬಂದು ಪುಟ ಹರಿದ ಸ್ಥಿತಿಯಲ್ಲಿ ಸಿಗುತ್ತಿತ್ತು.

ಅದೇ ಪತ್ರಿಕೆಯಲ್ಲಿ 1969ರಲ್ಲಿಯೇ ಜಾನ್ ಲಿನ್ಸ್‌ಲೀ ಹುಡ್ ಎಂಬವರು ಕೇವಲ ನಾಲ್ಕು ಟ್ರಾನ್ಸಿಸ್ಟರುಗಳ, 10 ವ್ಯಾಟಿನ ಒಂದು ಆಂಪ್ಲಿಫಾಯರಿನ ನಕಾಶೆ ಕೊಟ್ಟರು. ಇಂದಿಗೂ ಹವ್ಯಾಸಿಗಳು ಅದನ್ನು ಕಟ್ಟುತ್ತಲೇ ಇದ್ದಾರೆ. ಹಾಡಿದರೂ ಹಾಡದಿದ್ದರೂ ಎರಡು ಚಾನೆಲ್ಲುಗಳೂ ಸೇರಿ 60 ವ್ಯಾಟಿಗೆ ಮಿಕ್ಕಿ ನುಂಗಿ ಬಿಸಿಯಾಗಿ ಕೂತಿರುವ ಜಾತಿ ಅದು. ಮುಂಬಯಿಯ ಮೇ ತಿಂಗಳಲ್ಲಿ ಅದರ ಹತ್ತಿರ ಕೂರುವವನು ನಿಜವಾದ ರಸಿಕನೇ ಇರಬೇಕು. ಆದರೆ ಕಂಠವನ್ನು ಕಂಠವಾಗಿಯೇ ಉಳಿಸಿ ಕೊಡುವ ಗುಣ ಅದಕ್ಕಿದೆ. ಹತ್ತೇ ವ್ಯಾಟೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: 10 ಇದ್ದದ್ದನ್ನು 20 ಮಾಡಿದರೆ ಕಿವಿಗೆ ತಿಳಿಯುವುದು 3 ಡೆಸಿಬೆಲ್ಲಿನ ಫರಕು ಮಾತ್ರ. ಸದ್ದು ಇಮ್ಮಡಿಯಾದಂತೆ ಅನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ತೊಂಬತ್ತರ ದಶಕದಲ್ಲಿ ಡಬ್ಬಿಗಳ ಮೇಲೆ ಪಿ.ಎಂ.ಪಿ.ಓ. ಎಂದು ಸಾವಿರಗಟ್ಟಲೆ ವ್ಯಾಟು ಅಚ್ಚು ಹಾಕಿ ಮಾರುತ್ತಿದ್ದರು. ಅದನ್ನು ನಂಬಿದವರಲ್ಲಿ ಇಂಜಿನಿಯರರೂ ಇದ್ದರು.

ನಮ್ಮ ಆಕ್ಷೇಪ ವ್ಯಾಟಿನ ಜಂಭದ ಮೇಲಲ್ಲ, ಒರೆಗಲ್ಲಿನ ಮೇಲೆ. ಹವ್ಯಾಸಿಯ ಮನೆಗೆ ಹೋದರೆ ಮೊದಲು ಕೇಳಿಸುವುದು ಏನನ್ನು? ರೈಲು ಎಡದಿಂದ ಬಲಕ್ಕೆ ಓಡುವ ಸದ್ದು, ಗಾಜು ಒಡೆಯುವ ಸದ್ದು, ಯಾವುದೋ ದೇಶದ ನಗಾರಿ. ಆ ನಗಾರಿಯನ್ನು ನಮ್ಮಲ್ಲಿ ಯಾರು ಎದುರಿಗೆ ಕೂತು ಕೇಳಿದ್ದಾರೆ? ಮೂಲವೇ ತಿಳಿಯದಿದ್ದರೆ ನಕಲು ಸರಿಯಿದೆಯೆಂದು ಹೇಳುವುದು ಹೇಗೆ? ಗಂಗೂಬಾಯಿ ಹಾನಗಲ್ಲರ ಕಂಠವನ್ನು ಹಚ್ಚಿ ನೋಡಿ. ಗಂಟಲಿನ ಬೇನೆಯ ಚಿಕಿತ್ಸೆಯ ನಂತರ ಗಂಡುದನಿಯಷ್ಟು ತಗ್ಗಿ, ಗಟ್ಟಿಯಾದ ಕಂಠ ಅದು. ಬಾಸ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ ಯಂತ್ರದಲ್ಲಿ ಅದು ಗಡಿಗೆಯೊಳಗಿನ ಮಾತಾಗುತ್ತದೆ, ಟ್ರೆಬಲ್ ಏರಿಸಿದರೆ ಆ ತೂಕವೇ ಹಾರಿಹೋಗುತ್ತದೆ. ಬಾಯಿಯವರ ಕಚೇರಿಯನ್ನು ಒಮ್ಮೆ ಕೇಳಿದ ಮುದುಕಿಯೊಬ್ಬಳನ್ನು ಕೂಡಿಸಿ ಕೇಳಿದರೆ ಸಾಕು, ಯಾವ ಮೀಟರೂ ಬೇಡ.

ಇನ್ನು ತಂಬೂರಿಯ ಮಾತು. ನಮ್ಮ ಕೈಯಿಂದ ಕಟ್ಟಿದ ಯಂತ್ರಗಳಲ್ಲಿ ಹತ್ತಕ್ಕೆ ಏಳು 'ಗುಂಯ್' ಎನ್ನುತ್ತವೆ. "ಅದು ಇದ್ದದ್ದೇ" ಎಂದು ಹೇಳಿ ಮುಂದೆ ಸಾಗುತ್ತೇವೆ. ಪಾಶ್ಚಾತ್ಯರ ನಗಾರಿಗೆ ಅದು ಇದ್ದರೂ ನಡೆದೀತು, ನಮ್ಮ ಸಂಗೀತಕ್ಕೆ ನಡೆಯದು. ಏಕೆಂದು ಲೆಕ್ಕ ಹಾಕಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಅದನ್ನು ನೇರವಿದ್ಯುತ್ತಾಗಿ ಮಾಡುವಾಗ ಉಳಿಯುವ ಅಲೆ 100ರದು. ಗಾಯಕನ ಷಡ್ಜ ಬಿಳಿ ಒಂದು ಎಂದಾದರೆ ತಂಬೂರಿಯ ಮಂದ್ರ ಪಂಚಮ ಸುಮಾರು 98 ಕಂಪನ, ಕರಿ ಒಂದಾದರೆ ಸುಮಾರು 104. ನಮ್ಮ ಯಂತ್ರದ 'ಗುಂಯ್' ಸರಿಯಾಗಿ ಇವೆರಡರ ನಡುವೆ ಬಂದು ಕೂರುತ್ತದೆ! ಅಂದರೆ ಕಲಾವಿದ ಅರ್ಧ ಗಂಟೆ ಕಿವಿಗೊಟ್ಟು ಕೂಡಿಸಿದ ತಂಬೂರಿಯ ಬದಿಯಲ್ಲಿ ಬೇಸುರದ ಇನ್ನೊಂದು ತಂಬೂರಿಯನ್ನು ನಾವು ಕೂರಿಸಿದಂತಾಯಿತು. ರೈಲಿನ ಸದ್ದಿನಲ್ಲಿ ಇದು ಗೊತ್ತಾಗುವುದಿಲ್ಲ, ಆಲಾಪದಲ್ಲಿ ಮುಚ್ಚಿಡುವುದಾಗುವುದಿಲ್ಲ.

ಇದಕ್ಕೆ ಔಷಧ ದುಬಾರಿಯದೇನೂ ಅಲ್ಲ. ಒಣಗಿದ ದೊಡ್ಡ ಕಂಡೆನ್ಸರನ್ನು ಬದಲಿಸಬೇಕು. ಟ್ರಾನ್ಸ್‌ಫಾರ್ಮರನ್ನು ಪಿಕಪ್ಪಿನಿಂದ ಒಂದು ಮೊಳ ದೂರ ಸರಿಸಬೇಕು. ಅರ್ಥ್ ತಂತಿಗಳನ್ನೆಲ್ಲ ಸಿಕ್ಕಸಿಕ್ಕಲ್ಲಿ ಅಂಟಿಸದೆ ಒಂದೇ ಬಿಂದುವಿಗೆ ತರಬೇಕು. ಒಂದು ರವಿವಾರದ ಕೆಲಸ. ಆದರೆ ಸ್ಪೀಕರಿಗೆ ಹೊಸ ತಂತಿ ಕೊಳ್ಳಲು ಹಣ ಕೂಡಿಸುವವರಿಗೆ ಈ ರವಿವಾರ ಸಿಗುವುದಿಲ್ಲ.

ಕೋಣೆಯದೂ ಅಷ್ಟೆ. ನಮ್ಮದು ಹತ್ತು ಹನ್ನೆರಡಡಿಯ ಸಂಸಾರ. 12 ಅಡಿಯ ಎರಡು ಗೋಡೆಗಳ ನಡುವೆ 47 ಕಂಪನದ ಆಸುಪಾಸಿನ ನಾದ ಸಿಕ್ಕಿಬಿದ್ದು ಮೊರೆಯುತ್ತದೆ, ಮೂಲೆಯಲ್ಲಿ ಸ್ಪೀಕರು ಇಟ್ಟರಂತೂ ಮುಗಿದೇಹೋಯಿತು. ಮೂಲೆಯಲ್ಲದೆ ಬೇರೆಲ್ಲಿ ಇಡಬೇಕು ಎಂದು ಗೃಹಿಣಿ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆದರೂ ಇಂಗ್ಲಂಡಿನ ವಿಶಾಲ ಕೋಣೆಗಳ ಪರದೆ ಕಂಬಳಿಗಳ ಮಾತು ಓದಿ ನಿಟ್ಟುಸಿರು ಬಿಡಬೇಕಾಗಿಲ್ಲ. ಹಾಸಿಗೆಯ ಸುರುಳಿ, ಗಂಟುಮೂಟೆ, ಹಗ್ಗದ ಮೇಲಿನ ಸೀರೆ ಇವೆಲ್ಲ ತಕ್ಕಮಟ್ಟಿಗೆ ಮಾರ್ದನಿಯನ್ನು ಹೀರುತ್ತವೆ. ವೈರಿಯೆಂದರೆ ಅಡಿಗೆಯ ಕಪಾಟಿನ ಸ್ಟೀಲ್ ಡಬ್ಬಿಗಳು. ನಮ್ಮ ಮನೆಯಲ್ಲಿ ಜೀರಿಗೆಯ ಡಬ್ಬಿಯೊಂದು ಕೋಮಲ ಗಾಂಧಾರಕ್ಕೆ ಮಾತ್ರ ಓಗೊಡುತ್ತಿತ್ತು. ಒಂದು ವಾರ ಸ್ಪೀಕರನ್ನು ಬಿಚ್ಚಿ ಜೋಡಿಸಿದ ಮೇಲೆ ಕಳ್ಳನನ್ನು ಹಿಡಿದುಕೊಟ್ಟದ್ದು ಮನೆಯಾಕೆ.

ನಾವು ನಿಜವಾಗಿ ಹೇಳಬೇಕೆಂದಿದ್ದುದು ಈ ಮನೆಯಾಕೆಯ ವಿಷಯವನ್ನೇ. ಹವ್ಯಾಸಿಯ ಯಂತ್ರವನ್ನು ಮನೆಯ ಬೇರೆ ಯಾರೂ ಮುಟ್ಟುವಂತಿಲ್ಲ. ಮುಳ್ಳು ಹೋದೀತು, ಗೀರು ಬಿದ್ದೀತು. ಹೀಗಾಗಿ ಅತಿ ಒಳ್ಳೆಯ ಸಂಗೀತಯಂತ್ರವಿರುವ ಮನೆಯೇ ಅತಿ ಕಡಿಮೆ ಸಂಗೀತ ಕೇಳುವ ಮನೆಯಾಗುತ್ತದೆ. ಡೊಂಬಿವಲಿಯ ಆ ಮನೆಯಲ್ಲಿ ಶ್ರೀಮತಿಯವರು ನಮಗೆ ತೋರಿಸಿದ್ದು ಬಿಸ್ಕೀಟಿನ ಡಬ್ಬಿಯಲ್ಲಿದ್ದ ಮೂರು ಕ್ಯಾಸೆಟ್ಟು. 1983ರಲ್ಲಿ ಧಾರವಾಡದ ಕಡೆಯ ಊರಿನಲ್ಲಿ ಅವರ ಅವ್ವ ಹಾಡಿದ ಬೀಸುವ ಪದ, ಕುಟ್ಟುವ ಪದ. "ಇವರಿಗೆ ಎಷ್ಟು ಸರತಿ ಹೇಳೀನಿ, ಇದು ಹೈ-ಫೈ ಅಲ್ಲ ಅಂತಾರ" ಎಂದರು. ಮಿತ್ರರು ಹಚ್ಚಿ ನೋಡಿದ್ದರಂತೆ, ಮಾತು ಮಸಕು. ಮುದ್ರಣವೇ ಕೆಟ್ಟಿದೆಯೆಂದು ತೀರ್ಪು ಕೊಟ್ಟು ಮುಚ್ಚಿಟ್ಟಿದ್ದರು.

ಇಂಥ ಡಬ್ಬಿ ಪರವೂರಿನ ನಮ್ಮ ಎಷ್ಟು ಮನೆಗಳಲ್ಲಿಲ್ಲ! ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಕನ್ನಡದ ಸ, ಶಗಳ ಸೀಳು ಇರುವುದು ಸೆಕೆಂಡಿಗೆ ನಾಲ್ಕೈದು ಸಾವಿರ ಕಂಪನದಿಂದ ಮೇಲಕ್ಕೆ. ಅಂದರೆ ಅದರ ಒಂದೊಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು, ಇಲ್ಲವೆ ಅದಕ್ಕೂ ಕಡಿಮೆ. ಧ್ವನಿ ತುಂಬಿದ ಯಂತ್ರದ ಹೆಡ್ಡು, ಓದುವ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಕೋರೆಯಾದರೂ ಮೊದಲು ಅಳಿಯುವುದು ಈ ಅಕ್ಷರಗಳೇ. ಹಾಡು ಇರುತ್ತದೆ, ಪದ ಇರುವುದಿಲ್ಲ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ಆ ಕ್ಯಾಸೆಟ್ಟಿಗೆ ತಕ್ಕಂತೆ ಹೊರಳಿಸುವ ಕೈಚಳಕ ನಮ್ಮ ಹವ್ಯಾಸಿಗಳಲ್ಲಿ ಯಾರಿಗಿಲ್ಲ? ಚಾಟಿಯಂಥ ಕೈಯಿದ್ದೂ ಆ ಸ್ಕ್ರೂವಿನ ಹತ್ತಿರ ಅದು ಹೋಗಲಿಲ್ಲವೆಂಬುದೇ ನಮ್ಮ ದೂರು.

ಅಂದು ಸಂಜೆ ಮನಸೂರರ ತಟ್ಟೆಯನ್ನು ಕವರಿಗೆ ಸೇರಿಸಿ, ಮೂಲೆಗೆ ಬಿದ್ದಿದ್ದ ಡೆಕ್ಕನ್ನು ಇಳಿಸಿಕೊಂಡೆವು. ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಮಿತ್ರರು ಸ್ಕ್ರೂವನ್ನು ಕಾಲು ಸುತ್ತು ಹೊರಳಿಸಿದರು, ಹಿಂದಕ್ಕೆ ಸ್ವಲ್ಪ ಬಿಟ್ಟರು. ಬೀಸುಕಲ್ಲಿನ ಸದ್ದು ಬಿಚ್ಚಿಕೊಂಡಿತು. ಅದರ ಮೇಲೆ ಮುದುಕಿಯ ದನಿ, ಸಾಲಿನ ಕೊನೆಗೆ ಉಸಿರು, ನಡುವೆ ಯಾರೋ ಕೂಸಿಗೆ ಗದರಿದ್ದು. ಶ್ರೀಮತಿಯವರು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಕೂಸು ತಾವೇ, ಗದರಿದ್ದು ಸೋದರತ್ತಿ ಎಂದರು. ಮಿತ್ರರು ಆ ಮಗ್ಗುಲು ಮುಗಿಯುವ ತನಕ ಒಮ್ಮೆಯೂ ಏಳಲಿಲ್ಲ.

ಮೂರನೆಯ ಕ್ಯಾಸೆಟ್ಟಿನ ಟೇಪು ತುಂಡಾಗಿದೆ. ಸಾಮಾನ್ಯ ಸೆಲ್ಲೋಟೇಪು ಹಚ್ಚಬಾರದು, ಅಂಟು ಜಿನುಗಿ ಹೆಡ್ಡಿಗೆ ಮೆತ್ತುತ್ತದೆ ಎಂದು ಹೇಳಿ ಬಂದಿದ್ದೇವೆ. ಜೋಡಿಸುವ ಪಟ್ಟಿ ನಮ್ಮಲ್ಲಿದೆ. ಬರುವ ರವಿವಾರ ಒಯ್ಯುವವರಿದ್ದೇವೆ.