ನರಮಾರ್ಗದ ನಕ್ಷೆ: ಒಂದು ಆಧಾರವಿಮರ್ಶೆ

ಮೂರ್ಛೆರೋಗದ ಸಂಶೋಧನೆಯಲ್ಲಿ ಮಿದುಳಿನ ಎರಡು ಅರ್ಧಗೋಳಗಳ ನಡುವಣ ನರಸಂಬಂಧಗಳನ್ನು ಗುರುತಿಸುವ ಕಾರ್ಯಕ್ಕೆ ವಿಶೇಷ ಸ್ಥಾನವುಂಟು. ಇವುಗಳನ್ನು ಕೂಡಿಸುವ ಕಾರ್ಪಸ್ ಕೆಲೋಸಮ್ ಎಂಬ ಪಟ್ಟಿಯಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಇತಿಹಾಸದ ಅಧ್ಯಾಪಕನು ಈ ವಿಷಯವನ್ನು ವಿಮರ್ಶಿಸುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಯಾವ ಆಧಾರದಿಂದ ಎಷ್ಟು ಹೇಳಬಹುದೆಂಬ ಪ್ರಶ್ನೆ ಎರಡು ಶಾಸ್ತ್ರಗಳಿಗೂ ಸಮಾನವಾದುದು.

ಇಲ್ಲಿ ಮೂರು ಬಗೆಯ ಆಧಾರಗಳಿವೆ. ಮೊದಲನೆಯದು ಛೇದನ. ಈ ಪಟ್ಟಿಯನ್ನು ಕತ್ತರಿಸಿದರೆ ವಿದ್ಯುತ್‌ಕ್ಷೋಭೆ ಇನ್ನೊಂದು ಪಾರ್ಶ್ವಕ್ಕೆ ಹರಡುವುದು ತಗ್ಗುತ್ತದೆಂದು ಎರಿಕ್ಸನ್ 1940ರಲ್ಲಿ ಕೋತಿಗಳಲ್ಲಿ ತೋರಿಸಿದರು. ಅದೇ ವರ್ಷ ವ್ಯಾನ್ ವ್ಯಾಗನೆನ್ ಮತ್ತು ಹೆರೆನ್ 10 ರೋಗಿಗಳ ಶಸ್ತ್ರಚಿಕಿತ್ಸೆಯ ವರದಿ ಪ್ರಕಟಿಸಿದರು. ಎರಡನೆಯದು 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಗುರುತುವಸ್ತು. ಪ್ರಾಣಿಯ ಮಿದುಳಿಗೆ ಸೇರಿಸಿದ ಕಿಣ್ವವನ್ನು ತಂತುವಿನ ತುದಿ ಹೀರಿ ಮೂಲಕೋಶಕ್ಕೆ ಒಯ್ಯುತ್ತದೆ. ಆಮೇಲೆ ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀವಂತ ಮನುಷ್ಯನಲ್ಲಿ ಇದು ಅಸಾಧ್ಯ. ಮೂರನೆಯದು 1990ರ ದಶಕದಿಂದ ಬೆಳೆದ ಎಂ.ಆರ್.ಐ. ವಿಧಾನ. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸುಲಭವಾಗಿ ಸರಿಯುತ್ತವೆಂಬುದರಿಂದ ಗಣಕವು ಮಾರ್ಗಗಳನ್ನು ಊಹಿಸಿ ಬಣ್ಣದ ಗೆರೆಗಳನ್ನು ಬರೆಯುತ್ತದೆ.

ಗುರುತುವಸ್ತುವಿನ ಸಾಕ್ಷ್ಯವನ್ನು ಶಾಸನಕ್ಕೆ ಹೋಲಿಸಬಹುದು. ಬಣ್ಣದ ಗೆರೆಯು ಸ್ಥಳನಾಮದಿಂದ ಮಾಡಿದ ಅನುಮಾನದಂತಹುದು. ಅದರಿಂದ ಸಂದೇಶ ಸಾಗುವ ದಿಕ್ಕು ತಿಳಿಯದು. ತಂತುಗಳು ಅಡ್ಡಹಾಯುವೆಡೆ ಅದು ತಪ್ಪುವುದೂ ಉಂಟು; 20 ಸಂಶೋಧಕ ತಂಡಗಳ ಫಲಿತಾಂಶಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಲ್ಲದ ಮಾರ್ಗಗಳೂ ಹೇರಳವಾಗಿ ಮೂಡಿದ್ದವು. ಆದರೂ ಜನಪ್ರಿಯ ಬರಹಗಳು ಈ ಚಿತ್ರವನ್ನು ಮಿದುಳಿನ ಛಾಯಾಚಿತ್ರವೆಂಬಂತೆ ಮುದ್ರಿಸುತ್ತವೆ.

ಮಾರ್ಗವಿರುವುದು ನಿಜವಾದರೂ ಕ್ಷೋಭೆ ಅದರಲ್ಲೇ ಸಾಗಿತೆಂದು ಸಿದ್ಧವಾಗದು. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ರಸ್ತೆಯಿದೆ. ಇಂಥ ತೋಟದ ಕೊಬ್ಬರಿ ಅಲ್ಲಿಗೇ ಹೋಯಿತೆನ್ನಲು ಮಂಡಿಯ ಲೆಕ್ಕ ಬೇಕು. ಮೂರ್ಛೆಯ ವಿಷಯದಲ್ಲಿ ಆ ಲೆಕ್ಕವನ್ನು ಒದಗಿಸುವುದು ಇ.ಇ.ಜಿ. ಮತ್ತು ರೋಗಿಯ ಚರಿತ್ರೆ.

ಇದು ಬರಿಯ ತರ್ಕವಲ್ಲ. ಔಷಧಿಗೆ ಬಗ್ಗದ, ಹಠಾತ್ತನೆ ಕೆಡಹುವ ಮೂರ್ಛೆಗೆ ಈ ಪಟ್ಟಿಯನ್ನು ಇಂದಿಗೂ ಕತ್ತರಿಸುವುದುಂಟು. ಅದರ ಬೆಲೆಯನ್ನು 1981ರ ನೊಬೆಲ್ ಪುರಸ್ಕೃತ ಸ್ಪೆರಿಯವರ ಪರೀಕ್ಷೆಗಳು ತೋರಿಸಿವೆ: ಎಡಗೈ ಮುಟ್ಟಿ ಗುರುತಿಸಿದ ವಸ್ತುವನ್ನು ರೋಗಿ ಬಾಯಿಂದ ಹೆಸರಿಸಲಾರದಾದ. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವ ತಂದೆತಾಯಿಗಳಿಗೆ ಚಿತ್ರದಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದು ತಿಳಿದಿರಬೇಕು.

ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಮೂರ್ಛೆಹೋದಾಗ ಸಹಪಾಠಿಗಳು ಅವನ ಕೈಗೆ ಬೀಗದ ಕೈಯಿಟ್ಟರು. ಆತನಿಗೆ ಬೇಕಾಗಿದ್ದುದು ಮಗ್ಗುಲಾಗಿ ಮಲಗಿಸುವ ಕೈಗಳು, ಬಳಿಕ ತಪ್ಪದ ಔಷಧಿ. ಅಗ್ಗದ ಫಿನೋಬಾರ್ಬಿಟೋನ್, ಫಿನಿಟಾಯಿನ್‌ಗಳಿಂದ ಹಳ್ಳಿಗಳಲ್ಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಡಾ. ಕೆ. ಎಸ್. ಮಣಿ ಮತ್ತು ಸಹೋದ್ಯೋಗಿಗಳ ಯಳಂದೂರು ಅಧ್ಯಯನ 2001ರಲ್ಲಿ ತೋರಿಸಿತು. ನರಮಾರ್ಗಗಳ ನಕ್ಷೆ ಬೆಳೆಯಲಿ. ಅದನ್ನು ಓದುವವರು ಈ ಅಧ್ಯಯನವನ್ನೂ ಜೊತೆಗಿಟ್ಟು ಓದುವುದು ಯುಕ್ತ.