ಕತ್ತಿ ಹೋದ ಮೇಲೂ ಉಳಿದ ಶಿಸ್ತು

ಸಾಮುರಾಯ್ ಮನೆತನಗಳು ಹೆಣ್ಣುಮಕ್ಕಳನ್ನು ಹೇಗೆ ಬೆಳೆಸುತ್ತಿದ್ದವು ಎಂದು ಕೇಳಿದವರ ಕೈಗೆ ಇಂದಿಗೂ ಮೊದಲು ಸಿಗುವ ಪುಸ್ತಕ, ಎತ್ಸು ಇನಗಾಕಿ ಸುಗಿಮೊಟೊ 1925ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಎ ಡಾಟರ್ ಆಫ್ ದ ಸಾಮುರಾಯ್’. ಓದುವ ಸುಖದಲ್ಲಿ ಇಸವಿಗಳು ಮರೆತುಹೋಗುತ್ತವೆ. ಆಕೆ ಹುಟ್ಟಿದ್ದು 1870ರ ದಶಕದಲ್ಲಿ. ತಂದೆ ದಿವಾನಗಿರಿಯಂಥ ಹುದ್ದೆಯಲ್ಲಿದ್ದ ನಾಗಾವೊಕಾ ಸಂಸ್ಥಾನ 1868ರ ಬೊಶಿನ್ ಯುದ್ಧದಲ್ಲೇ ಹೊಸ ಮೇಜಿ ಸರ್ಕಾರದ ಸೇನೆಗೆ ಸೋತಿತ್ತು. 1871ರಲ್ಲಿ ಸಂಸ್ಥಾನಗಳೇ ರದ್ದಾದವು. 1876ರಲ್ಲಿ ಸೊಂಟದ ಕತ್ತಿಯೂ ಹೋಯಿತು, ವಂಶಪಾರಂಪರ್ಯದ ಸಂಬಳವೂ ಹೋಯಿತು. ಸಾಮುರಾಯ್ ವರ್ಗವೇ ಕರಗುತ್ತಿದ್ದಾಗ ಮಗುವೊಂದನ್ನು ಸಾಮುರಾಯ್ ಮಗಳಾಗಿ ಬೆಳೆಸಿದರು. ಈ ಪರಂಪರೆಯನ್ನು ತೂಗಿನೋಡಲು ಹೊರಟವರು ಇಲ್ಲಿಂದಲೇ ಶುರುಮಾಡಬೇಕು.

ಪುಸ್ತಕದಲ್ಲಿ ಎಲ್ಲರಿಗೂ ನೆನಪಿರುವುದು ಪಾಠದ ಪ್ರಸಂಗ. ಬೌದ್ಧ ಗುರು ಕನ್‌ಫ್ಯೂಷಿಯಸ್ ಗ್ರಂಥಗಳನ್ನು ಹೇಳಿಕೊಡುವಾಗ ಪುಟ್ಟ ಎತ್ಸು ಮೈ ಅಲುಗಿಸದೆ ಕೂತಿರಬೇಕು. ಒಮ್ಮೆ ತುಸು ಸರಿದಳು. ಮನಸ್ಸು ಓದಿನಲ್ಲಿಲ್ಲವೆಂದು ಗುರು ಅಂದಿನ ಪಾಠ ಮುಗಿಸಿಬಿಟ್ಟ. ಕಡು ಚಳಿಗಾಲದಲ್ಲಿ ಬೆಂಕಿಯಿಲ್ಲದ ಕೋಣೆಯಲ್ಲಿ ಅಕ್ಷರ ತಿದ್ದಿ ಕೈ ನೀಲಿಗಟ್ಟುವುದನ್ನು ನೋಡಿ ದಾದಿ ಅಳುತ್ತಾಳೆ. ಮಲಗುವಾಗಲೂ ಹುಡುಗಿ ಮೈ ಮುದುರಿಕೊಳ್ಳಬೇಕು, ಹುಡುಗರು ಹೇಗಾದರೂ ಹೊರಳಬಹುದು. ಇದನ್ನೆಲ್ಲ ಎತ್ಸು ದೂರಿನ ದನಿಯಲ್ಲಿ ಹೇಳುವುದಿಲ್ಲ, ಹೆಮ್ಮೆಯಿಂದ ಹೇಳುತ್ತಾಳೆ. ನನಗೆ ಅನುಮಾನ ಮೂಡುವುದು ಅಲ್ಲೇ. ಚೀನೀ ಗ್ರಂಥಗಳ ಓದು ಸಾಮಾನ್ಯವಾಗಿ ಗಂಡುಮಕ್ಕಳ ಪಾಲಿನದು. ಹುಟ್ಟಿದಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿದ್ದನ್ನು ಜಪಮಾಲೆಯ ಸೂಚನೆಯೆಂದು ತಿಳಿದು, ಮಗಳನ್ನು ಬುದ್ಧನ ಸೇವೆಗೆ ಬಿಡಬೇಕೆಂದುಕೊಂಡಿದ್ದರಿಂದ ಆಕೆಗೆ ಅದು ಸಿಕ್ಕಿತು. ಉಳಿದ ಹುಡುಗಿಯರಿಗೆ ಹೊಲಿಗೆ, ನಡೆನುಡಿ, ‘ಒನ್ನಾ ದೈಗಾಕು’ ಎಂಬ ಹದಿನೆಂಟನೇ ಶತಮಾನದ ಸ್ತ್ರೀಧರ್ಮದ ಕೈಪಿಡಿ. ಅದರ ಹಿಂದಿನ ಕನ್‌ಫ್ಯೂಷಿಯನ್ ನೀತಿ ಹೆಣ್ಣು ಮೊದಲು ತಂದೆಗೆ, ಆಮೇಲೆ ಗಂಡನಿಗೆ, ಕೊನೆಗೆ ಮಗನಿಗೆ ಅಧೀನಳೆಂದು ಹೇಳುತ್ತದೆ. (ಮನುವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಎತ್ಸುವಿನ ಪುಸ್ತಕದ ಪಕ್ಕದಲ್ಲೇ ಇಟ್ಟು ಓದಬೇಕಾದದ್ದು ಸಮಾಜವಾದಿ ಲೇಖಕಿ ಯಮಕಾವಾ ಕಿಕುಯೆ 1943ರಲ್ಲಿ ಬರೆದ ‘ಬುಕೆ ನೊ ಜೊಸೆ’. ಮಿತೊ ಸಂಸ್ಥಾನದ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ತಾಯಿಯ ನೆನಪುಗಳೇ ಅದರ ಬಂಡವಾಳ. ಇಲ್ಲಿ ಗಾಂಭೀರ್ಯಕ್ಕಿಂತ ಬಡತನ ಹೆಚ್ಚು. ಅಲ್ಪ ಸಂಬಳದ ಮನೆಗಳಲ್ಲಿ ಹೆಂಗಸರು ನೂಲುತ್ತಾರೆ, ನೇಯುತ್ತಾರೆ, ಹಳೆ ಬಟ್ಟೆ ಬಿಚ್ಚಿ ಮತ್ತೆ ಹೊಲಿಯುತ್ತಾರೆ. 1864ರಲ್ಲಿ ಮಿತೊದ ಬಣಗಳು ಪರಸ್ಪರ ಕಾದಾಡಿದಾಗ ಸೋತ ನಾಯಕರ ಹೆಂಡತಿ ಮಕ್ಕಳನ್ನೂ ಸೆರೆಗೆ ತಳ್ಳಿದರು, ಕೊಂದರು. ಅಧೀನತೆಯ ನಿಜವಾದ ಬೆಲೆ ಇದು: ಯಾವ ತೀರ್ಮಾನದಲ್ಲೂ ಪಾಲಿಲ್ಲ, ಶಿಕ್ಷೆಯಲ್ಲಿ ಮಾತ್ರ ಪೂರ್ತಿ ಪಾಲು. ಎತ್ಸುವಿನ ಪುಟಗಳಲ್ಲಿ ಈ ಲೆಕ್ಕ ಸಿಗುವುದಿಲ್ಲ.

ಸಿಗದಿರುವುದಕ್ಕೆ ಕಾರಣವಿದೆ. ಜಪಾನೀಯರಿಗೆ ಅಮೆರಿಕದ ಬಾಗಿಲು ಮುಚ್ಚಿದ ವಲಸೆ ಕಾಯ್ದೆ ಬಂದದ್ದು 1924ರಲ್ಲಿ. ಮರುವರ್ಷವೇ ಈ ಪುಸ್ತಕ. ಗಂಡನನ್ನು ಕಳೆದುಕೊಂಡು, ಇಬ್ಬರು ಹೆಣ್ಣುಮಕ್ಕಳೊಂದಿಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಹೆಂಗಸು ತನ್ನ ಜನ ಸುಸಂಸ್ಕೃತರೆಂದು ಆ ಓದುಗರಿಗೆ ತೋರಿಸಬೇಕಿತ್ತು. ಹಾಗೆಂದು ಅದೆಲ್ಲ ಬರೀ ಅಲಂಕಾರವಲ್ಲ. ಟೋಕಿಯೊದ ಮಿಷನ್ ಶಾಲೆಯಲ್ಲಿ ಪ್ರತಿ ಹುಡುಗಿಗೂ ತೋಟದ ತುಂಡೊಂದನ್ನು ಕೊಟ್ಟು, ಬೇಕಾದದ್ದು ನೆಟ್ಟುಕೊಳ್ಳಿ ಎಂದಾಗ ಎತ್ಸು ಆಲೂಗಡ್ಡೆ ನೆಟ್ಟಳು. ಯಾರನ್ನೂ ಕೇಳದೆ ತಾನೇ ಆರಿಸಬಹುದೆಂಬ ಬೆರಗು ಆ ಪುಟಗಳಲ್ಲಿದೆ. ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ 1946ರ ತನ್ನ ಜಪಾನ್ ಅಧ್ಯಯನದಲ್ಲಿ ಈ ತೋಟವನ್ನೇ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಎತ್ಸು ತನ್ನ ಪಾಲನೆಯ ಮೇಲೆ ಮಾಡಿದ ಅತ್ಯಂತ ಕಟುವಾದ ಟೀಕೆ ಆ ಆಲೂಗಡ್ಡೆ, ತಾನು ಟೀಕಿಸುತ್ತಿದ್ದೇನೆಂಬ ಅರಿವು ಆಕೆಗೆ ಇರಲಿ, ಇಲ್ಲದಿರಲಿ.

ಅತ್ತ ಜಪಾನಿನ ಸರ್ಕಾರ ಈ ಶಿಸ್ತನ್ನು ಬೇರೆಯೇ ಕೆಲಸಕ್ಕೆ ಹಚ್ಚಿತು. ಜನಸಂಖ್ಯೆಯ ಸಣ್ಣದೊಂದು ಪಾಲಿನ ಮನೆವಾರ್ತೆ 1898ರ ನಾಗರಿಕ ಸಂಹಿತೆಯಲ್ಲಿ ಇಡೀ ದೇಶದ ಕಾನೂನಾಯಿತು; ಯಜಮಾನನಿಗೆ ಅಧಿಕಾರ, ಹೆಂಡತಿಗೆ ಗಂಡನ ಅನುಮತಿಯಿಲ್ಲದೆ ಮಹತ್ವದ ವ್ಯವಹಾರವಿಲ್ಲ. ಮರುವರ್ಷದ ಬಾಲಕಿಯರ ಪ್ರೌಢಶಾಲಾ ಆಜ್ಞೆ ‘ಒಳ್ಳೆಯ ಹೆಂಡತಿ, ವಿವೇಕಿ ತಾಯಿ’ ಎಂಬ ಆದರ್ಶವನ್ನು ತರಗತಿಗೆ ತಂದಿತು. ರೈತಾಪಿ ಹೆಂಗಸರಿಗೆ ಹಿಂದೆ ಇದ್ದ ಸಡಿಲ ಇದರಿಂದ ಕಿರಿದಾಯಿತು ಎಂಬುದು ನನ್ನ ಎಣಿಕೆ. ಅದೇ 1899ರಲ್ಲಿ ಚಿಂತಕ ಫುಕುಜಾವಾ ಯುಕಿಚಿ ‘ಒನ್ನಾ ದೈಗಾಕು’ವನ್ನು ಸಾಲುಸಾಲಾಗಿ ಎತ್ತಿಕೊಂಡು ಖಂಡಿಸಿದ. ಅವನೂ ಸಾಮುರಾಯ್ ಮಗನೇ.

ಈ ಪಾಲನೆಯ ಗಟ್ಟಿತನವೇ ಮೇಜಿ ಯುಗದ ಮಹಿಳಾ ನಾಯಕಿಯರನ್ನು ರೂಪಿಸಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ನಿಜ. 1868ರಲ್ಲಿ ಐಜು ಕೋಟೆಯ ಮುತ್ತಿಗೆಯೊಳಗಿದ್ದ ಬಾಲಕಿ ಯಮಕಾವಾ ಸುತೆಮಾತ್ಸು, 1871ರಲ್ಲಿ ಅಮೆರಿಕಕ್ಕೆ ಸರ್ಕಾರ ಕಳಿಸಿದ ಐವರು ಹುಡುಗಿಯರಲ್ಲಿ ಒಬ್ಬಳಾಗಿ, 1882ರಲ್ಲಿ ವ್ಯಾಸರ್ ಕಾಲೇಜಿನ ಪದವಿ ಪಡೆದಳು. ಆಕೆಗೆ ಮನೆಯ ಶಿಸ್ತು ಸಿಕ್ಕಿತ್ತು. ಆದರೆ ಅದೇ ಹಡಗಿನಲ್ಲಿದ್ದ ತ್ಸುದಾ ಉಮೆಕೊಗೆ ಆಗ ಆರೇ ವರ್ಷ. ಹನ್ನೊಂದು ವರ್ಷ ಕಳೆದು ಮರಳಿದಾಗ ಆಕೆಗೆ ತಾಯ್ನುಡಿಯೇ ಮರೆತಿತ್ತು. ಮೈ ಅಲುಗಿಸದೆ ಕೂರುವ ಪಾಠವಂತೂ ದೂರದ ಮಾತು. 1900ರಲ್ಲಿ ಹತ್ತು ವಿದ್ಯಾರ್ಥಿನಿಯರೊಂದಿಗೆ ಟೋಕಿಯೊದಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಶಾಲೆ ತೆರೆದವಳು ಆಕೆಯೇ.